ಭುಜಕ್ಕೆ ಭಾರವಾಗದ ಗಿಟಾರ್: ಫೋಮ್ ಮತ್ತು ಫೈಬರ್ ಬಾಡಿಯ ಒಳಗುಟ್ಟು

ಗಣೇಶನ ಹಬ್ಬ ಬಂದರೆ ರಾಜ್ಯೋತ್ಸವ ಮುಗಿಯುವವರೆಗೆ ದಾವಣಗೆರೆಯ ಆರ್ಕೆಸ್ಟ್ರಾ ತಂಡಗಳಿಗೆ ಬಿಡುವಿಲ್ಲ. ಹರಿಹರ, ಜಗಳೂರು, ಹೊಳಲ್ಕೆರೆ, ಚಿತ್ರದುರ್ಗ ಎಂದು ಊರೂರು ಸುತ್ತಿ ರಸಮಂಜರಿ ನಡೆಸಿಕೊಡುತ್ತಾರೆ. ಗಾಯಕರು ಸರದಿಯ ಮೇಲೆ ವೇದಿಕೆಗೆ ಬಂದು ಹೋಗುತ್ತಾರೆ. ಗಿಟಾರ್ ನುಡಿಸುವವರಿಗೆ ಆ ಸೌಕರ್ಯವಿಲ್ಲ. ಮೊದಲ ಗಣಪತಿ ಸ್ತುತಿಯಿಂದ ಹಿಡಿದು ಕೊನೆಯ ಕುಣಿತದ ಹಾಡಿನವರೆಗೆ 3.5ರಿಂದ 4.5 ಕಿಲೋ ತೂಕವನ್ನು ಎಡ ಭುಜದ ಮೇಲೆ ಹೊತ್ತು ನಿಲ್ಲಬೇಕು. ನಲವತ್ತು ದಾಟಿದ ವಾದಕರಲ್ಲಿ ಕತ್ತು, ಭುಜ ಒತ್ತಿಕೊಳ್ಳದೆ ವೇದಿಕೆಯಿಂದ ಇಳಿಯುವವರನ್ನು ನಾನು ಕಂಡಿರುವುದು ಕಡಿಮೆ.

ಈ ತೂಕದ ದೊಡ್ಡ ಪಾಲು ಮರದ ಬಾಡಿಯದು. ಭಾರವಾದ ಮರವಿದ್ದರೆ ಮಾತ್ರ ತುಂಬು ನಾದ ಬರುತ್ತದೆ ಎಂಬ ನಂಬಿಕೆ ವಾದಕರಲ್ಲಿ ಬಲವಾಗಿ ಬೇರೂರಿದೆ. ನಾನು ಅದನ್ನು ಒಪ್ಪುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಬಾಡಿ ಬಾಗಬಾರದು, ಅಷ್ಟೇ. ಬಾಗದ ಗಟ್ಟಿತನಕ್ಕೂ ತೂಕಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. ಒಳಗೆ ಹಗುರವಾದ ಫೋಮಿನ ತಿರುಳು, ಹೊರಗೆ ಗಾಜಿನ ನಾರಿನ ತೆಳುವಾದ ಚರ್ಮ ಇಟ್ಟು ಆ ಗಟ್ಟಿತನವನ್ನು ಅರ್ಧ ತೂಕದಲ್ಲಿ ಪಡೆಯಬಹುದು. ಇದಕ್ಕೆ ಕಾರ್ಖಾನೆ ಬೇಕಿಲ್ಲ. ಗಾಳಿಯಾಡುವ ಒಂದು ಶೆಡ್ಡು, ಶ್ರದ್ಧೆ, ರಾಸಾಯನಿಕಗಳ ಬಗ್ಗೆ ಸರಿಯಾದ ತಿಳಿವಳಿಕೆ ಇದ್ದರೆ ಸಾಕು.

ಬಾಡಿ ಮಾಡುವ ಕೆಲಸ ಏನು?

ಅಕೌಸ್ಟಿಕ್ ಗಿಟಾರಿನಲ್ಲಿ ಮುಂದಿನ ಹಲಗೆಯೇ ಧ್ವನಿ ಹುಟ್ಟಿಸುತ್ತದೆ. ತಂತಿಯ ಕಂಪನ, ಅದರ ತುದಿ ಕೂರುವ ಬ್ರಿಡ್ಜ್ ಮೂಲಕ ಹಲಗೆಗೆ ಇಳಿದು, ಹಲಗೆ ಗಾಳಿಯನ್ನು ತಳ್ಳುತ್ತದೆ. ಅಲ್ಲಿ ಮರದ ಗುಣವೇ ಸರ್ವಸ್ವ. ವೀಣೆಗೆ ಹಲಸಿನ ಮರವನ್ನೇ ಹುಡುಕಿ ತರುವವರು ಸುಮ್ಮನೆ ಹಾಗೆ ಮಾಡುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಕಥೆ ಬೇರೆ. ಅದರ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದು ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಅದುರಿದಾಗ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಪಿಕಪ್ಪಿಗೆ ಕೇಳಿಸುವುದು ತಂತಿಯ ಅದುರುವಿಕೆ. ಮರ ಅದರ ಕಣ್ಣಿಗೇ ಬೀಳುವುದಿಲ್ಲ.

ಹಾಗಾದರೆ ಬಾಡಿ ಏಕೆ ಬೇಕು? ತಂತಿಯ ಎರಡು ತುದಿಗಳ ನಡುವಿನ ದೂರ ಕದಲದಂತೆ ಹಿಡಿದಿಡಲು. ಸಾಮಾನ್ಯವಾಗಿ ಬಳಸುವ 10-46 ಅಳತೆಯ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಆರು ತಂತಿಗಳನ್ನು, ತಂತಿ ಅದುರುವ ಉದ್ದ 648 ಮಿಲಿಮೀಟರ್ ಇರುವ ಗಿಟಾರಿನಲ್ಲಿ ಶ್ರುತಿಗೆ ತಂದಾಗ ಎಲ್ಲ ಸೇರಿ ಸುಮಾರು 46 ಕಿಲೋ ಸೆಳೆತ ಬೀಳುತ್ತದೆ. ಹಗಲೂ ರಾತ್ರಿ, ವರ್ಷಗಟ್ಟಲೆ. ಈ ಸೆಳೆತಕ್ಕೆ ಬಾಡಿ ಜಗ್ಗಿದರೆ ಶ್ರುತಿ ಹೋಗುತ್ತದೆ. ಬ್ರಿಡ್ಜ್ ಕೆಳಗಿನ ಜಾಗ ಮೆತ್ತಗಿದ್ದರೆ ತಂತಿಯ ಶಕ್ತಿ ಅಲ್ಲಿಯೇ ಇಂಗಿ ಸ್ವರ ಬೇಗ ಸಾಯುತ್ತದೆ. ಈ ಎರಡೂ ಆಗದಂತೆ ನೋಡಿಕೊಂಡರೆ ಬಾಡಿಯ ಕೆಲಸ ಮುಗಿಯಿತು.

ಇದು ಹೊಸ ವಿಚಾರವೇನೂ ಅಲ್ಲ. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಗಿಟಾರಿನ ಬಾಡಿ ಎರಕದ ಅಲ್ಯೂಮಿನಿಯಮ್ಮಿನದು. ನೋಡಲು ಬಾಣಲೆಯಂತೆ ಇದ್ದುದರಿಂದ ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದೇ ಕರೆದರು. 1940ರ ಸುಮಾರಿಗೆ ಅಮೆರಿಕದ ವಾದಕ ಲೆಸ್ ಪಾಲ್ ಒಂದು ಪೈನ್ ಮರದ ತೊಲೆಗೆ ನೆಕ್ (ಬೆರಳಿಟ್ಟು ನುಡಿಸುವ ಉದ್ದನೆಯ ಕತ್ತು), ಬ್ರಿಡ್ಜ್, ಪಿಕಪ್ ಜೋಡಿಸಿ ನುಡಿಸಿದರು. ತೊಲೆಯ ಎರಡೂ ಬದಿಗೆ ಹಳೆಯ ಗಿಟಾರೊಂದರ ಅರ್ಧ ಹೋಳುಗಳನ್ನು ಅಂಟಿಸಿದ್ದು ನೋಟಕ್ಕಾಗಿ. ಸೆಳೆತ ಹೊರುವ ಕೆಲಸವೆಲ್ಲ ನಡುವಿನ ತೊಲೆಯದು. ಈ ಪಾಠವನ್ನು ನೆನಪಿನಲ್ಲಿಡಿ. ನಾವು ಕಟ್ಟಲಿರುವ ಬಾಡಿಯ ಬೆನ್ನೆಲುಬು ಇದೇ.

ಚರ್ಮ ಮತ್ತು ತಿರುಳು

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತಾರೆ. ಗಾಳಿಯಂತ್ರದ ರೆಕ್ಕೆ ಇಡೀ ಲೋಹದ್ದೋ ಮರದ್ದೋ ಆಗಿದ್ದರೆ ತನ್ನ ತೂಕಕ್ಕೇ ತೊಂದರೆಪಡಬೇಕಾಗಿತ್ತು. ಅಷ್ಟುದ್ದದ ರೆಕ್ಕೆಗಳ ಚಿಪ್ಪನ್ನು ಗಾಜಿನ ನಾರು ಮತ್ತು ರಾಳದಿಂದ (ಗಟ್ಟಿಯಾಗುವ ಅಂಟು ದ್ರವ, ರೆಸಿನ್) ಮಾಡಿ, ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನೋ ಫೋಮನ್ನೋ ತುಂಬಿರುತ್ತಾರೆ. ನಾವು ಗಿಟಾರಿಗೆ ಮಾಡಹೊರಟಿರುವುದೂ ಅದೇ ಕಟ್ಟಡ, ಅಂಗೈ ಅಗಲದ ಪ್ರಮಾಣದಲ್ಲಿ.

ಇದರ ಹಿಂದಿನ ಲೆಕ್ಕ ಬಹಳ ಸೊಗಸಾಗಿದೆ. ಒಂದು ಹಲಗೆಯನ್ನು ಬಾಗಿಸಿದಾಗ ಅದರ ಒಂದು ಮೈ ಹಿಗ್ಗುತ್ತದೆ, ಇನ್ನೊಂದು ಮೈ ಕುಗ್ಗುತ್ತದೆ. ನಟ್ಟನಡುವಿನ ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಂದರೆ ದುಡಿಯುವುದು ಹೊರಮೈಗಳು, ನಡುವಿನ ವಸ್ತು ಹೆಚ್ಚುಕಡಿಮೆ ಕೂತು ತಿನ್ನುತ್ತದೆ. ಆ ಸೋಮಾರಿ ಭಾಗವನ್ನು ತೆಗೆದು ಅಲ್ಲಿ ಹಗುರವಾದದ್ದನ್ನು ತುಂಬಿದರೆ ನಷ್ಟ ಬಹಳ ಕಡಿಮೆ. ಅಂಗಡಿಗೆ ಸಾಮಾನು ಬರುವ ರಟ್ಟಿನ ಪೆಟ್ಟಿಗೆಯನ್ನು ಹರಿದು ನೋಡಿ: ಎರಡು ತೆಳು ಕಾಗದ, ನಡುವೆ ಅಲೆಅಲೆಯಾದ ಇನ್ನೊಂದು ಕಾಗದ. ಮೂರನ್ನೂ ಬೇರೆ ಮಾಡಿದರೆ ಒಂದಕ್ಕೂ ಬಲವಿಲ್ಲ. ಅಂತರದಲ್ಲಿಟ್ಟು ಅಂಟಿಸಿದರೆ ಹತ್ತಾರು ಕಿಲೋ ತಡೆಯುತ್ತದೆ.

ಸಂಖ್ಯೆಯಲ್ಲಿ ನೋಡೋಣ. 2 ಮಿ.ಮೀ. ದಪ್ಪದ ಫೈಬರ್ ಹಾಳೆಯೊಂದಿದೆ ಎಂದುಕೊಳ್ಳಿ. ಕೈಯಲ್ಲಿ ಹಿಡಿದರೆ ಬಳುಕುತ್ತದೆ. ಅದನ್ನೇ 1 ಮಿ.ಮೀ.ನ ಎರಡು ಹಾಳೆಗಳಾಗಿಸಿ ನಡುವೆ 40 ಮಿ.ಮೀ. ಫೋಮ್ ಇಟ್ಟು ಭದ್ರವಾಗಿ ಅಂಟಿಸಿದರೆ, ಬಾಗುವಿಕೆಯನ್ನು ತಡೆಯುವ ಶಕ್ತಿ ಲೆಕ್ಕದ ಪ್ರಕಾರ 1,200 ಪಟ್ಟಿಗೂ ಹೆಚ್ಚಾಗುತ್ತದೆ. ಗಾಜು ಅಷ್ಟೇ, ರಾಳ ಅಷ್ಟೇ, ಬದಲಾದದ್ದು ಅಂತರ ಮಾತ್ರ. ಚರ್ಮಗಳ ನಡುವಿನ ದೂರ ಎರಡು ಪಟ್ಟಾದರೆ ಗಟ್ಟಿತನ ಸುಮಾರು ನಾಲ್ಕು ಪಟ್ಟಾಗುತ್ತದೆ. ಫೋಮಿನ ಪಾತ್ರ ಇಲ್ಲಿ ಎರಡು: ಚರ್ಮಗಳನ್ನು ದೂರ ಇಡುವುದು, ಒಂದರ ಮೇಲೊಂದು ಜಾರದಂತೆ ತಡೆಯುವುದು. ಆದ್ದರಿಂದ ಫೋಮಿಗೂ ಚರ್ಮಕ್ಕೂ ನಡುವಿನ ಅಂಟು ಬಿಟ್ಟುಕೊಂಡರೆ ಇಡೀ ಕಟ್ಟಡವೇ ಸುಳ್ಳಾಗುತ್ತದೆ.

ನಿಜ ಹೇಳಬೇಕೆಂದರೆ, 42 ಮಿ.ಮೀ. ದಪ್ಪದ ಇಡೀ ಮರದ ಹಲಗೆ ಈ ಫೋಮ್ ಹಲಗೆಗಿಂತ ಇನ್ನೂ ಗಟ್ಟಿ. ಆದರೆ ಅಷ್ಟು ಗಟ್ಟಿತನದಿಂದ ಗಿಟಾರಿಗೆ ಉಪಯೋಗವಿಲ್ಲ, ಏಕೆಂದರೆ ಬಾಡಿಗಿಂತ ಎಷ್ಟೋ ಮೊದಲು ನೆಕ್ ಬಾಗುತ್ತದೆ. ನೆಕ್ಕಿನ ದಪ್ಪ 20 ಮಿ.ಮೀ. ಆಸುಪಾಸು, ಅಗಲ 5 ಸೆಂಟಿಮೀಟರ್. 30 ಸೆಂಟಿಮೀಟರ್ ಅಗಲದ ಫೋಮ್-ಫೈಬರ್ ಬಾಡಿ, ನಡುವೆ ಮರವಿಲ್ಲದಿದ್ದರೂ, ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಗಟ್ಟಿಯಾಗಿರುತ್ತದೆ. ಸರಪಳಿಯ ದುರ್ಬಲ ಕೊಂಡಿ ನೆಕ್ ಆಗಿರುವಾಗ ಬಾಡಿಗೆ ಇನ್ನೆರಡು ಕಿಲೋ ಮರ ತುಂಬುವುದರಿಂದ ಭುಜಕ್ಕೆ ನೋವು ಹೆಚ್ಚುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ವಿಮಾನದಿಂದ ವೇದಿಕೆಗೆ

ಅಚ್ಚಿಲ್ಲದೆ, ಫೋಮನ್ನೇ ಬೇಕಾದ ಆಕಾರಕ್ಕೆ ಕತ್ತರಿಸಿ ಅದರ ಮೇಲೆ ಗಾಜಿನ ಬಟ್ಟೆ ಹೊದಿಸುವ ವಿಧಾನವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್. 1975ರಲ್ಲಿ ಮೊದಲು ಹಾರಿದ ಅವರ ವೇರಿ-ಈಜ಼ಿ ಮತ್ತು 1979ರ ಲಾಂಗ್-ಈಜ಼ಿ ವಿಮಾನಗಳನ್ನು ಸಾಮಾನ್ಯ ಜನ ಮನೆಯ ಗ್ಯಾರೇಜಿನಲ್ಲಿ ಕಟ್ಟಿಕೊಂಡರು. ಲಾಂಗ್-ಈಜ಼ಿ ವಿನ್ಯಾಸ ಬೆಂಗಳೂರಿಗೂ ಬಂತು. 1980ರ ದಶಕದಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಪ್ರೊ. ರುಸ್ತುಂ ದಮಾನಿಯಾ ಅವರ ತಂಡ ಅದನ್ನು ಆಧರಿಸಿ ಹಗುರ ಸಂಶೋಧನಾ ವಿಮಾನವೊಂದನ್ನು ರೂಪಿಸಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಚಾಲಕರಹಿತ ವಿಮಾನ ರುಸ್ತುಂ-1 ಆ ವಿಮಾನದಿಂದಲೇ ಬೆಳೆದದ್ದು, ಹೆಸರೂ ಅವರದೇ. ಆ ಹೆಸರು ಹೊತ್ತ ಮುಂದಿನ ವಿಮಾನ ರುಸ್ತುಂ-2 ಮೊದಲು ಹಾರಿದ್ದು 2016ರ ನವೆಂಬರಿನಲ್ಲಿ, ನಮ್ಮ ಚಳ್ಳಕೆರೆಯ ಪರೀಕ್ಷಾ ವಲಯದಿಂದ. ಹಾಗಾಗಿ ‘ಫೈಬರ್ ಎಂದರೆ ಅಗ್ಗದ ಮಾಲು’ ಎಂದು ಯಾರಾದರೂ ಮೂಗು ಮುರಿದರೆ ನನಗೆ ಬೇಸರವಾಗುತ್ತದೆ. ಮನುಷ್ಯರನ್ನು ಹೊತ್ತು ಹಾರಿದ ವಿದ್ಯೆ ಇದು.

ಗಿಟಾರ್ ತಯಾರಕರೂ ಇದನ್ನು ಬಿಟ್ಟಿಲ್ಲ. 1960ರ ದಶಕದ ಆರಂಭದಲ್ಲಿ ವ್ಯಾಲ್ಕೊ ಕಂಪನಿ ಫೈಬರ್ ಬಾಡಿಯ ಬಣ್ಣಬಣ್ಣದ ಗಿಟಾರುಗಳನ್ನು ಮಾಡಿತು. ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ 1966ರಲ್ಲಿ ಹುಟ್ಟುಹಾಕಿದ ಒವೇಶನ್ ಗಿಟಾರುಗಳ ದುಂಡು ಬೆನ್ನು ಗಾಜಿನ ನಾರಿನದು. 1993ರ ಪಾರ್ಕರ್ ಫ್ಲೈ ಇನ್ನೂ ಹತ್ತಿರದ ನಂಟ: ಹಗುರ ಮರದ ತಿರುಳಿಗೆ ಕಾರ್ಬನ್ ಮತ್ತು ಗಾಜಿನ ನಾರಿನ ತೆಳು ಕವಚ ಹಾಕಿ ಇಡೀ ಗಿಟಾರನ್ನು 2.5 ಕಿಲೋ ಒಳಗೆ ಇಳಿಸಿದರು.

ಯಾವ ಫೋಮ್, ಯಾವ ರಾಳ

ಈ ಭಾಗವನ್ನು ಅವಸರದಲ್ಲಿ ಓದಬೇಡಿ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ದಾವಣಗೆರೆಯಲ್ಲಿ ಸುಲಭವಾಗಿ ಸಿಗುವುದು ಥರ್ಮೋಕೋಲ್. ಮದುವೆ ಮಂಟಪಕ್ಕೆ ವಧೂವರರ ಹೆಸರು ಕತ್ತರಿಸುವವರ ಬಳಿ ಅದರ ಹಲಗೆಗಳೂ ಇರುತ್ತವೆ, ಕತ್ತರಿಸುವ ಬಿಸಿ ತಂತಿಯೂ ಇರುತ್ತದೆ. ಆದರೆ ಮಂಟಪದ ಥರ್ಮೋಕೋಲ್ ತೀರಾ ಹಗುರ, ಬೆರಳು ಒತ್ತಿದರೆ ಗುಳಿ ಬೀಳುತ್ತದೆ. ಒಂದು ಘನಮೀಟರಿಗೆ 30 ಕಿಲೋ ತೂಗುವ ಗಟ್ಟಿ ಜಾತಿಯನ್ನೇ ಕೇಳಿ ತರಬೇಕು. ಅದಕ್ಕಿಂತ ಒಳ್ಳೆಯದು ಎಕ್ಸ್‌ಪಿಎಸ್ ಹಲಗೆ. ಕೋಲ್ಡ್ ಸ್ಟೋರೇಜ್ ಗೋಡೆಗೆ, ತಾರಸಿಗೆ ಶಾಖ ತಡೆಯಲು ಹಾಕುವ ನೀಲಿ ಅಥವಾ ಗುಲಾಬಿ ಬಣ್ಣದ ಹಲಗೆ ಅದು. ಮಣಿಮಣಿಯಾಗಿ ಉದುರುವುದಿಲ್ಲ, ನೀರು ಕುಡಿಯುವುದಿಲ್ಲ, ಉಜ್ಜಿದರೆ ಅಂಚು ನುಣ್ಣಗೆ ಬರುತ್ತದೆ. ನನ್ನ ಆಯ್ಕೆ ಯಾವಾಗಲೂ ಇದೇ.

ಇನ್ನು ರಾಳ. ನಮ್ಮೂರಿನ ಫೈಬರ್ ಕೆಲಸದವರು ಬಾಗಿಲು, ಶೀಟು, ದೇವರ ಮೂರ್ತಿ, ಟ್ಯಾಂಕು ಎಲ್ಲಕ್ಕೂ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಕೈಗೆ ಒಗ್ಗಿದೆ. ಆದರೆ ಅದರೊಳಗೆ ಸ್ಟೈರೀನ್ ಎಂಬ ದ್ರವವಿದೆ. ಥರ್ಮೋಕೋಲ್, ಎಕ್ಸ್‌ಪಿಎಸ್ ಎರಡೂ ಪಾಲಿಸ್ಟೈರೀನ್‌ನಿಂದ ಆದವು, ಮತ್ತು ಸ್ಟೈರೀನ್ ಅವುಗಳನ್ನು ಕರಗಿಸುತ್ತದೆ. ಒಂದು ತುಂಡು ಥರ್ಮೋಕೋಲ್ ಮೇಲೆ ನಾಲ್ಕು ಹನಿ ಪಾಲಿಯೆಸ್ಟರ್ ರೆಸಿನ್ ಬಿಟ್ಟು ನೋಡಿ. ಮೊದಲು ಹೊಳಪಾಗಿ ನಿಂತ ಹನಿ ಸ್ವಲ್ಪ ಹೊತ್ತಿನಲ್ಲಿ ತಗ್ಗಿಗೆ ಇಳಿಯುತ್ತದೆ. ಸುತ್ತಲಿನ ಬಿಳಿ ಮಣಿಗಳು ಒಂದೊಂದಾಗಿ ಕುಸಿದು ಅಂಟಂಟಾದ ಗುಂಡಿಯಾಗುತ್ತದೆ. ಇಡೀ ಬಾಡಿಗೆ ಹಚ್ಚಿದರೆ ಒಳಗಿನ ತಿರುಳೇ ಮಾಯವಾಗುತ್ತದೆ. ಪಾಲಿಸ್ಟೈರೀನ್ ಫೋಮಿಗೆ ಎಪಾಕ್ಸಿ ರಾಳವೇ ಆಗಬೇಕು. ದುಬಾರಿಯಾದರೂ ಬೇರೆ ದಾರಿಯಿಲ್ಲ.

ಪಾಲಿಯೆಸ್ಟರ್ ರೆಸಿನ್ ಬಿಟ್ಟು ಕೆಲಸ ಮಾಡುವುದಿಲ್ಲ ಎನ್ನುವವರು ಪಿಯು (ಪಾಲಿಯುರೆಥೇನ್) ಫೋಮ್ ಬಳಸಬಹುದು, ಅದು ಸ್ಟೈರೀನ್‌ಗೆ ಕರಗುವುದಿಲ್ಲ. ಹಳೆಯ ಕಾಲದ ಸರ್ಫ್ ಹಲಗೆಗಳು ಈ ಜೋಡಿಯಿಂದಲೇ ಆದವು. ಆದರೆ ಪಿಯು ಫೋಮನ್ನು ಎಂದಿಗೂ ಬಿಸಿ ತಂತಿಯಿಂದ ಕತ್ತರಿಸಬಾರದು. ಸುಟ್ಟಾಗ ಸಯನೈಡ್ ಸೇರಿದಂತೆ ವಿಷಾನಿಲಗಳು ಬರುತ್ತವೆ. ಗರಗಸ, ಚಾಕು, ಎಮರಿ ಕಾಗದ ಮಾತ್ರ. ಪಾಲಿಯೆಸ್ಟರ್ ಕೆಲಸದ ಇನ್ನೊಂದು ಅಪಾಯವನ್ನೂ ಹೇಳಲೇಬೇಕು. ಅದು ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟ್ ದ್ರಾವಣ ಮತ್ತು ಹಾರ್ಡ್‌ನರ್ ಎಂದು ಕರೆಯುವ ಎಂಇಕೆಪಿ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು.

ಸ್ಕ್ರೂ ಹಿಡಿಯಲು ಮರ ಬೇಕು

ಫೋಮಿಗೆ ಸ್ಕ್ರೂ ನಿಲ್ಲುವುದಿಲ್ಲ. ಚರ್ಮ ಮತ್ತು ತಿರುಳಿನ ಕಟ್ಟಡ ಹರಡಿದ ಭಾರವನ್ನು ಚೆನ್ನಾಗಿ ಹೊರುತ್ತದೆ, ಒಂದೇ ಬಿಂದುವಿನ ಮೇಲೆ ಬೀಳುವ ಭಾರಕ್ಕೆ ಸೋಲುತ್ತದೆ. ಗಿಟಾರಿನಲ್ಲಿ ಅಂಥ ಜಾಗಗಳು ಮೂರು: ನೆಕ್ ಕೂರುವ ಗುಂಡಿ, ಬ್ರಿಡ್ಜ್, ಭುಜದ ಪಟ್ಟಿ ಸಿಕ್ಕಿಸುವ ಗುಬ್ಬಿಗಳು. ನೆಕ್ಕಿನ ನಾಲ್ಕು ಸ್ಕ್ರೂಗಳನ್ನು ಬಿಗಿದಾಗ ಕೆಳಗೆ ಬರೀ ಫೋಮ್ ಇದ್ದರೆ ಅದು ನಿಧಾನವಾಗಿ ಚಪ್ಪಟೆಯಾಗುತ್ತಾ ಹೋಗುತ್ತದೆ. ಮೊದಲ ದಿನ ಎಲ್ಲ ಸರಿಯಾಗಿ ಕಂಡರೂ ತಿಂಗಳು ಕಳೆಯುವಷ್ಟರಲ್ಲಿ ತಂತಿಗಳು ಮೇಲೇರಿ ಕೂರುತ್ತವೆ.

ಇದಕ್ಕೆ ಲೆಸ್ ಪಾಲ್ ತೊಲೆಯೇ ಪರಿಹಾರ. ಬಾಡಿಯ ನಡುವೆ, ನೆಕ್ಕಿನಿಂದ ಹಿಂಬದಿಯವರೆಗೆ ಸುಮಾರು 40 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಮರದ ಪಟ್ಟಿ. ಎರಡು ಬದಿಗೆ ಫೋಮಿನ ರೆಕ್ಕೆಗಳು. ಪಿಕಪ್ಪಿನ ಗುಂಡಿಗಳೂ ಈ ಮರದಲ್ಲಿಯೇ ಬರುತ್ತವೆ. ಮರ ಯಾವುದು? ಈಗ ನಮ್ಮ ರೈತರು ಹೊಲದಂಚಿನಲ್ಲಿ ಬೆಳೆಸುತ್ತಿರುವ ಹೆಬ್ಬೇವು ಸಾಕು. ಹಗುರ, ನೇರ ಎಳೆ, ಪ್ಲೈವುಡ್ಡಿಗೆ ಹೋಗುವ ಮರವಾದ್ದರಿಂದ ಬೆಲೆಯೂ ಹೊರೆಯಲ್ಲ. ಒಣಗಿದ ತುಂಡು ಸಿಗುವುದು ಮುಖ್ಯ, ಹಸಿ ಮರ ಆಮೇಲೆ ಕುಗ್ಗಿ ಅಂಟು ಬಿಡಿಸುತ್ತದೆ. ಸಾಗುವಾನಿ ಚೆಂದವೇ, ಆದರೆ ತೂಕ ಇಳಿಸಲು ಹೊರಟವರಿಗೆ ಅದು ಸಲ್ಲದು. ರೆಕ್ಕೆಯಲ್ಲಿರುವ ಗುಬ್ಬಿಗೆ ಬೆರಳುದ್ದದ ಮರದ ತುಂಡೊಂದನ್ನು ಫೋಮಿನೊಳಗೆ ಮೊದಲೇ ಹುದುಗಿಸಿ ಅಂಟಿಸಿಬಿಡಬೇಕು.

ಮರದ ಪಟ್ಟಿಯನ್ನೂ ಬಿಟ್ಟು, ನೆಕ್ ಕೆಳಗೆ ಒಂದು ತುಂಡು, ಬ್ರಿಡ್ಜ್ ಕೆಳಗೆ ಒಂದು ತುಂಡು ಮಾತ್ರ ಇಟ್ಟು ನಡುವಿನ ಸೆಳೆತವನ್ನು ಚರ್ಮಕ್ಕೇ ಹೊರಿಸಬಹುದು. ಲೆಕ್ಕ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಆಗ ಮುಂದಿನ ಚರ್ಮದಲ್ಲಿ ಪಿಕಪ್ಪಿಗಾಗಿ ಕೊರೆಯುವ ಪ್ರತಿಯೊಂದು ಕಿಂಡಿಯೂ ಬಲ ಹರಿಯುವ ದಾರಿಯನ್ನು ಕಡಿಯುತ್ತದೆ. ಮೊದಲ ಸಲ ಕಟ್ಟುವವರಿಗೆ ಇಡೀ ಪಟ್ಟಿಯೇ ಕ್ಷೇಮ.

ಬಟ್ಟೆ ಹೊದಿಸುವ ಬೆಳಗು

ಬಿಸಿ ತಂತಿಯಿಂದ ಆಕಾರ ಕತ್ತರಿಸಿ, ರೆಕ್ಕೆಗಳನ್ನು ಮರಕ್ಕೆ ಎಪಾಕ್ಸಿಯಿಂದ ಅಂಟಿಸಿ, ಎಮರಿ ಕಾಗದದಿಂದ ಅಂಚುಗಳನ್ನೆಲ್ಲ ದುಂಡಗೆ ಮಾಡಬೇಕು. ಗಾಜಿನ ಬಟ್ಟೆ ಚೂಪಾದ ಮೂಲೆಗೆ ಬಾಗುವುದಿಲ್ಲ. ಅಲ್ಲಿ ಎದ್ದು ನಿಂತು ಒಳಗೆ ಗಾಳಿ ಉಳಿಸುತ್ತದೆ. ಅಂಚಿನ ದುಂಡು ಕನಿಷ್ಠ 6 ಮಿ.ಮೀ. ತ್ರಿಜ್ಯದ್ದಿರಲಿ. ಮುಂದೆ ಫೋಮಿನ ಮೇಲ್ಮೈಯ ರಂಧ್ರಗಳನ್ನು ಮುಚ್ಚಬೇಕು. ಎಪಾಕ್ಸಿಗೆ ಮೈಕ್ರೋಬಲೂನ್ ಎಂಬ ಟೊಳ್ಳು ಗಾಜಿನ ಪುಡಿ ಬೆರೆಸಿ ತೆಳುವಾಗಿ ಸವರುತ್ತಾರೆ. ಹಾಗೆ ಮಾಡದಿದ್ದರೆ ಫೋಮ್ ಶುದ್ಧ ರಾಳವನ್ನು ಹೀರಿ, ಉಳಿಸಿದ ತೂಕವೆಲ್ಲ ಮರಳಿ ಬರುತ್ತದೆ.

ಬಟ್ಟೆ ಎಂಥದು? ಅಂಗಡಿಯವರು ಮೊದಲು ತೋರಿಸುವುದು ತುಂಡು ನಾರಿನ ಮ್ಯಾಟ್. ಅದು ಬಟ್ಟೆಗಿಂತ ಹೆಚ್ಚು ರಾಳ ಕುಡಿಯುತ್ತದೆ, ನಮಗೆ ಬೇಡ. ಚದರ ಮೀಟರಿಗೆ 200 ಗ್ರಾಂ ತೂಗುವ ನೇಯ್ದ ಬಟ್ಟೆ ಬೇಕು, ಎಪಾಕ್ಸಿಗೆ ಹೊಂದುವ ಲೇಪನವಿರುವುದು. ಒಂದೊಂದು ಮೈಗೆ ಮೂರು ಪದರ ಸಾಕು. ಒಂದು ಪದರದ ಎಳೆಗಳು ಗಿಟಾರಿನ ಉದ್ದಕ್ಕೆ ಹೊಂದಿಕೊಂಡಿರಲಿ, ಇನ್ನೊಂದನ್ನು 45 ಡಿಗ್ರಿ ಓರೆಯಾಗಿ ಹಾಸಿ. ಓರೆ ಪದರ ತಿರುಚುವಿಕೆಯನ್ನು ತಡೆಯುತ್ತದೆ, ಜೊತೆಗೆ ದುಂಡು ಅಂಚುಗಳ ಮೇಲೆ ಸುಕ್ಕಿಲ್ಲದೆ ಇಳಿಯುತ್ತದೆ.

ರಾಳ ಮತ್ತು ಹಾರ್ಡ್‌ನರ್ ಪ್ರಮಾಣವನ್ನು ಡಬ್ಬಿಯ ಮೇಲೆ ಬರೆದಂತೆ ತೂಗಿಯೇ ಹಾಕಬೇಕು, ಕಣ್ಣಂದಾಜು ನಡೆಯುವುದಿಲ್ಲ. ಪಾಲಿಯೆಸ್ಟರಿಗೆ ಹಾರ್ಡ್‌ನರ್ ತುಸು ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಗೆ ಹೆಚ್ಚು ಹಾಕಿದರೆ ಎಂದೆಂದಿಗೂ ಅಂಟಂಟಾಗಿ ಉಳಿಯುತ್ತದೆ. ಫೈಬರ್ ಕೆಲಸದಲ್ಲಿ ಪಳಗಿದವರೂ ಎಪಾಕ್ಸಿಗೆ ಬಂದಾಗ ಈ ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ಶಾಖ ಸುಮಾರು 10 ಡಿಗ್ರಿ ಏರಿದರೆ ರಾಳ ಗಟ್ಟಿಯಾಗುವ ವೇಗ ಎರಡರಷ್ಟಾಗುತ್ತದೆ. ಡಬ್ಬಿಯಲ್ಲಿ ಹೇಳಿದ ಅರ್ಧ ಗಂಟೆ ಏಪ್ರಿಲ್ ಮಧ್ಯಾಹ್ನದ ನಮ್ಮ ಶೆಡ್ಡಿನಲ್ಲಿ ಕಾಲು ಗಂಟೆಯೂ ಆಗಲಿಕ್ಕಿಲ್ಲ. ಲೋಟದಲ್ಲಿ ಹೆಚ್ಚು ಕಲಸಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಹೊತ್ತು ಮೂಡುವ ಮೊದಲು ಶುರುಮಾಡಿ, ಅಗಲವಾದ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವೇ ಕಲಸಿಕೊಳ್ಳುವುದು ಉತ್ತಮ.

ಒಣ ಬಟ್ಟೆಯನ್ನು ಹಾಸಿ ರಾಳ ಸುರಿದಾಗ ನಡೆಯುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರ ಬರುವುದಿಲ್ಲ. ಬೆಳ್ಳಗಿನ ಬಟ್ಟೆ ರಾಳ ಕುಡಿಯುತ್ತಾ ಪಾರದರ್ಶಕವಾಗುತ್ತದೆ, ಕೆಳಗಿನ ನೀಲಿ ಫೋಮ್, ಹೆಬ್ಬೇವಿನ ಎಳೆ ಎಲ್ಲ ಕಾಣತೊಡಗುತ್ತವೆ. ಎಲ್ಲಿ ಬಿಳಿ ಚುಕ್ಕೆ ಉಳಿದಿದೆಯೋ ಅಲ್ಲಿ ಗಾಳಿಯಿದೆ ಅಥವಾ ರಾಳ ಮುಟ್ಟಿಲ್ಲ ಎಂದರ್ಥ. ಎಲ್ಲಿ ಕನ್ನಡಿಯಂತೆ ಹೊಳೆಯುತ್ತಿದೆಯೋ ಅಲ್ಲಿ ರಾಳ ಹೆಚ್ಚಾಗಿದೆ. ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಎಳೆಯುತ್ತಾ, ನೇಯ್ಗೆಯ ಎಳೆಎಳೆ ಕಾಣುವಷ್ಟು ಮಾತ್ರ ಉಳಿಸಬೇಕು. ಗಾಜಿನಷ್ಟೇ ತೂಕದ ರಾಳ, ಕೈಕೆಲಸದಲ್ಲಿ ಅದು ಒಳ್ಳೆಯ ಗುರಿ. ಮಿಕ್ಕ ರಾಳ ಬಲ ಕೊಡುವುದಿಲ್ಲ, ಬರೀ ತೂಕ.

ಕೆಲವು ಗಂಟೆಗಳ ನಂತರ ರಾಳ ತೊಗಲಿನ ಹದಕ್ಕೆ ಬರುತ್ತದೆ. ಅಂಚಿನಲ್ಲಿ ಇಳಿಬಿದ್ದ ಬಟ್ಟೆಯನ್ನು ಆಗ ಬ್ಲೇಡಿನಿಂದ ಸಲೀಸಾಗಿ ಕತ್ತರಿಸಬಹುದು. ಆ ಹದ ತಪ್ಪಿದರೆ ಗರಗಸ ಹಿಡಿಯಬೇಕು. ಮುಂದಿನ ಮೈ ಗಟ್ಟಿಯಾದ ಮೇಲೆ ತಿರುವಿ ಹಿಂದಿನ ಮೈ. ಅಂಚಿನಲ್ಲಿ ಎರಡರ ಬಟ್ಟೆಯೂ ಒಂದರ ಮೇಲೊಂದು ಬರಬೇಕು. ವೈರಿಂಗ್ ಕೂರುವ ಗುಂಡಿಯ ಒಳಗೋಡೆಗೂ ಒಂದು ಪದರ ಬಟ್ಟೆ ಹಚ್ಚಿ, ಗಟ್ಟಿಯಾದ ಮೇಲೆ ತಾಮ್ರದ ಹಾಳೆ ಅಂಟಿಸಿ ಅರ್ತ್ ಮಾಡಿ. ಗಾಜಿನ ನಾರು ವಿದ್ಯುತ್ ಗೊರಕೆಯನ್ನು ತಡೆಯುವುದಿಲ್ಲ.

ಕೈಗವಸು, ಕನ್ನಡಕ, ಒಳ್ಳೆಯ ಮಾಸ್ಕ್ ಬಗ್ಗೆ ರಾಜಿ ಬೇಡ. ಎಪಾಕ್ಸಿ ಪದೇ ಪದೇ ಮೈಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಗಾಜಿನ ದೂಳನ್ನು ಒಣಗಾಗಿ ಉಜ್ಜುವ ಬದಲು ನೀರು ಹಚ್ಚಿ ಉಜ್ಜಿದರೆ ಮೈ ತುರಿಕೆಯೂ ಕಡಿಮೆ, ಶ್ವಾಸಕೋಶಕ್ಕೂ ಕ್ಷೇಮ.

ಎಲ್ಲ ಗಟ್ಟಿಯಾದ ಮೇಲೆ ಒಂದು ನಾಣ್ಯ ತೆಗೆದುಕೊಂಡು ಬಾಡಿಯ ಮೈಯೆಲ್ಲ ತಟ್ಟುತ್ತಾ ಹೋಗಿ. ಅಂಟು ಭದ್ರವಾಗಿರುವಲ್ಲಿ ಟಕ್ ಟಕ್ ಎಂದು ಚುರುಕಾದ ಸದ್ದು. ಚರ್ಮ ಬಿಟ್ಟುಕೊಂಡಿರುವಲ್ಲಿ ಡಬ್ ಎಂಬ ಮಂಕು ಸದ್ದು. ವಿಮಾನದ ಭಾಗಗಳನ್ನೂ ಹೀಗೆಯೇ ತಟ್ಟಿ ನೋಡುವ ಪದ್ಧತಿಯಿದೆ. ಮಂಕು ಸದ್ದು ಬಂದಲ್ಲಿ ಸಣ್ಣ ತೂತು ಕೊರೆದು ಸಿರಿಂಜಿನಿಂದ ಎಪಾಕ್ಸಿ ತುಂಬಿ ಮೇಲೆ ಭಾರ ಇಟ್ಟರೆ ಸರಿಹೋಗುತ್ತದೆ.

ತೂಕ ಇಳಿದಾಗ ಹುಟ್ಟುವ ತೊಂದರೆ

ಲೆಕ್ಕ ಹಾಕೋಣ. ಫೋಮ್ ಸುಮಾರು 100 ಗ್ರಾಂ. ಗುಂಡಿ ಕೊರೆದ ಮೇಲೆ ಉಳಿಯುವ ಹೆಬ್ಬೇವಿನ ಪಟ್ಟಿ 450. ಮೂರು ಪದರದ ಚರ್ಮ, ರಾಳವೂ ಸೇರಿ 350. ಪುಟ್ಟಿ ಮೆತ್ತಿ ನುಣುಪು ಮಾಡಿದ್ದು, ಬಣ್ಣ ಇತ್ಯಾದಿ 150ರಿಂದ 200. ಒಟ್ಟು 1.1 ಕಿಲೋ ಆಸುಪಾಸು. ಇದೇ ಆಕಾರದ ಮರದ ಬಾಡಿ ಹಗುರ ಮರದ್ದಾದರೆ 2 ಕಿಲೋ, ಸಾಗುವಾನಿಯದಾದರೆ 2.7 ಕಿಲೋ. ನೆಕ್, ಶ್ರುತಿ ಕೂಡಿಸುವ ಕೀಲಿಗಳು, ಪಿಕಪ್, ಬ್ರಿಡ್ಜ್ ಎಲ್ಲ ಸೇರಿಸಿದ ಪೂರ್ಣ ಗಿಟಾರ್ 2.5 ಕಿಲೋ.

ಆದರೆ ಬಾಡಿ ಹಗುರವಾಯಿತೆಂದರೆ ನೆಕ್ ಭಾರವಾಯಿತೆಂದೇ ಲೆಕ್ಕ. ಕೀಲಿಗಳೂ ಸೇರಿ ನೆಕ್ 800 ಗ್ರಾಂ ತೂಗುತ್ತದೆ, ಅದರಲ್ಲಿ ಗಣನೀಯ ಪಾಲು ಭುಜದಿಂದ ದೂರದ ತುದಿಯಲ್ಲಿ. ಭುಜದ ಪಟ್ಟಿ ಹಾಕಿ ನಿಂತು ಕೈ ಬಿಟ್ಟರೆ ತಲೆಭಾಗ ನೆಲದ ಕಡೆಗೆ ಇಳಿಯುತ್ತದೆ. ಅದನ್ನು ಎಡಗೈಯಿಂದ ಎತ್ತಿ ಹಿಡಿಯುತ್ತಾ ನುಡಿಸುವುದು ಭಾರದ ಗಿಟಾರಿಗಿಂತ ದೊಡ್ಡ ಶಿಕ್ಷೆ. ಫೋಮ್ ಬಾಡಿ ಕಟ್ಟುವವರು ಇದನ್ನು ಕಾಗದದ ಮೇಲೆಯೇ ಬಗೆಹರಿಸಿಕೊಳ್ಳಬೇಕು. ಬಾಡಿಯ ಮೇಲಿನ ಕೊಂಬನ್ನು 12ನೆಯ ಫ್ರೆಟ್‌ವರೆಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಚಾಚಿ, ಗುಬ್ಬಿಯನ್ನು ಅದರ ತುದಿಗೆ ಇಟ್ಟರೆ ತೂಗು ಬಿಂದು ನೆಕ್ ಕಡೆಗೆ ಸರಿಯುತ್ತದೆ. ಹಗುರ ಕೀಲಿಗಳನ್ನು ಹಾಕಬಹುದು. ಭಾರದ ಬ್ರಿಡ್ಜ್ ಇಲ್ಲಿ ಮಿತ್ರನೇ, ಏಕೆಂದರೆ ಅದು ಹಿಂಬದಿಯಲ್ಲಿದೆ. ಎಲ್ಲಕ್ಕಿಂತ ಬುದ್ಧಿವಂತ ಪರಿಹಾರ ತಲೆಯನ್ನೇ ತೆಗೆದುಬಿಡುವುದು. ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ತಮ್ಮ ಬಾಸ್ ಗಿಟಾರಿನಲ್ಲಿ ಕೀಲಿಗಳನ್ನು ಬಾಡಿಯ ಹಿಂತುದಿಗೆ ತಂದದ್ದು ಈ ಸಮತೋಲವನ್ನು ಒಂದೇಟಿಗೆ ಬಗೆಹರಿಸಿತು. ಅಂಥ ಬ್ರಿಡ್ಜ್‌ಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಫೋಮ್ ಬಾಡಿಗೆ ಇದಕ್ಕಿಂತ ಒಳ್ಳೆಯ ಜೋಡಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಧ್ವನಿ ಹೇಗಿರುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮರದ ಪಟ್ಟಿ ಇರುವ ಬಾಡಿಯಲ್ಲಿ ಸ್ವರದ ಉಳಿವು ಮಾಮೂಲಿ ಗಿಟಾರಿನ ಸರಿಸಮಕ್ಕೆ ಬರುತ್ತದೆ. ಪ್ಲಗ್ ಹಾಕದೆ ನುಡಿಸಿದರೆ ಮಾತ್ರ ತುಸು ಜೋರಾಗಿ ಕೇಳುತ್ತದೆ, ಏಕೆಂದರೆ ಹಗುರ ಚರ್ಮ ಸುಲಭವಾಗಿ ಅದುರುತ್ತದೆ. ಅದೇ ಕಾರಣಕ್ಕೆ ವೇದಿಕೆಯ ಮೇಲೆ ಸ್ಪೀಕರಿಗೆ ತೀರಾ ಹತ್ತಿರ ನಿಂತರೆ ಫೀಡ್‌ಬ್ಯಾಕ್ ಎಂಬ ಕೂಗು ಬೇಗ ಹುಟ್ಟಬಹುದು. ಪಿಕಪ್ಪುಗಳನ್ನು ಮೇಣದಲ್ಲಿ ಅದ್ದಿಸಿಕೊಂಡರೆ ಅದು ಸ್ವಲ್ಪಮಟ್ಟಿಗೆ ಹತೋಟಿಗೆ ಬರುತ್ತದೆ. ಉಳಿದಂತೆ ಪಿಕಪ್, ಆಂಪ್ಲಿಫೈಯರ್, ನುಡಿಸುವವರ ಕೈ, ಧ್ವನಿಯನ್ನು ಆಳುವುದು ಈ ಮೂರೇ.

ಬಿಸಿಲೆಂಬ ಶತ್ರು

ನಮ್ಮ ಸೀಮೆಯಲ್ಲಿ ಈ ಗಿಟಾರಿನ ನಿಜವಾದ ವೈರಿ ಶಾಖ. ಪಾಲಿಸ್ಟೈರೀನ್ ಫೋಮ್ 75 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಕೋಣೆಯ ಶಾಖದಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ ಇನ್ನೂ ಮೊದಲೇ, 50-60 ಡಿಗ್ರಿಯಲ್ಲಿಯೇ ಬಿಗಿ ಕಳೆದುಕೊಳ್ಳಬಹುದು. ಕಾರ್ಯಕ್ರಮಕ್ಕೆ ಹೊರಟ ವ್ಯಾನನ್ನು ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗಿನ ಕಪ್ಪು ವಸ್ತುಗಳು ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತವೆ. ತಂತಿ ಸೆಳೆತದಲ್ಲಿರುವಾಗಲೇ ಹೀಗಾದರೆ ಬಾಡಿ ಆ ಬಾಗಿದ ಆಕಾರದಲ್ಲಿಯೇ ಉಳಿದುಬಿಡುತ್ತದೆ. ರುಟಾನ್ ವಿಮಾನಗಳಿಗೆಲ್ಲ ಬಿಳಿ ಬಣ್ಣ ಕಡ್ಡಾಯವೆಂಬಂತೆ ಇದ್ದದ್ದು ಇದೇ ಕಾರಣಕ್ಕೆ. ಕಪ್ಪು ಗಿಟಾರಿನ ಆಸೆಯನ್ನು ಇಲ್ಲಿ ಬಿಟ್ಟುಬಿಡಿ; ಬಿಳಿ, ಕೆನೆ, ತಿಳಿ ಹಳದಿ ಒಳ್ಳೆಯದು. ಬಟ್ಟೆ ಹೊದಿಸಿದ ಒಂದೆರಡು ದಿನಗಳ ನಂತರ, ತಂತಿ ಹಾಕುವ ಮೊದಲು, ಬಾಡಿಯನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು ನಿಧಾನವಾಗಿ 50-55 ಡಿಗ್ರಿವರೆಗೆ ಕೆಲವು ಗಂಟೆ ಕಾಯಿಸಿದರೆ ಎಪಾಕ್ಸಿಯ ಶಾಖ ತಡೆಯುವ ಶಕ್ತಿ ಏರುತ್ತದೆ. ಬಲ್ಬು ಹಾಕಿದ ಮುಚ್ಚಿದ ಪೆಟ್ಟಿಗೆ, ಒಳಗೊಂದು ಥರ್ಮಾಮೀಟರ್, ಇಷ್ಟು ಸಾಕು.

ಬಣ್ಣ ಹೊಡೆಯುವಾಗಲೂ ಗಮನವಿರಲಿ. ಥಿನ್ನರ್ ಬೆರೆಸಿದ ಬಣ್ಣ ಸೂಜಿಮೊನೆಯಷ್ಟು ತೂತಿನಿಂದ ಒಳಗಿಳಿದರೂ ಫೋಮನ್ನು ಕರಗಿಸುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಎಪಾಕ್ಸಿಯದೇ ಕೊನೆಯ ತೆಳು ಕೋಟ್ ಒಂದನ್ನು ಕೊಟ್ಟು, ಬೆಳಕಿಗೆ ಓರೆಯಾಗಿ ಹಿಡಿದು ತೂತುಗಳನ್ನೆಲ್ಲ ಮುಚ್ಚಿದ ಮೇಲೆಯೇ ಪ್ರೈಮರ್. ಆಮೇಲೆ ಕೊರೆಯುವ ಪ್ರತಿಯೊಂದು ಸ್ಕ್ರೂ ತೂತಿಗೂ ಒಂದು ಹನಿ ಎಪಾಕ್ಸಿ ಬಿಟ್ಟು ಒಣಗಿಸಿ, ಮತ್ತೆ ಸಣ್ಣ ಬಿಟ್ಟಿನಿಂದ ಕೊರೆದು ಸ್ಕ್ರೂ ಹಾಕಬೇಕು. ಬೆವರು ಒಳಗಿನ ಮರ ಸೇರುವುದು ಆ ತೂತುಗಳಿಂದಲೇ.

ತಂತಿಯನ್ನು ಒಂದೇ ದಿನಕ್ಕೆ ಪೂರ್ತಿ ಏರಿಸಬೇಡಿ. ಮೊದಲ ದಿನ ಎರಡು ಸ್ವರ ತಗ್ಗಿಸಿ ಬಿಟ್ಟು, ಮರುದಿನ ಶ್ರುತಿಗೆ ತಂದು, ಬ್ರಿಡ್ಜ್ ಹಿಂದೆ ಮತ್ತು ನೆಕ್ ಗುಂಡಿಯ ಎರಡೂ ಮಗ್ಗುಲಿನಲ್ಲಿ ಪೆನ್ಸಿಲಿನಿಂದ ತೆಳು ಗೆರೆ ಎಳೆದಿಡಿ. 12ನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರವನ್ನು ಅಳೆದು ಬರೆದುಕೊಳ್ಳಿ. ವಾರಕ್ಕೊಮ್ಮೆ ಅದನ್ನೇ ಮತ್ತೆ ಅಳೆಯಿರಿ. ಎತ್ತರ ಏರಿದ್ದರೆ ಮೊದಲು ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಉಕ್ಕಿನ ಸರಳು) ನೋಡಿ, ನೆಕ್ ನೇರವಿದ್ದೂ ಎತ್ತರ ಏರಿದ್ದರೆ ಗುಂಡಿಯ ಗೆರೆಗಳನ್ನು ನೋಡಿ. ಒಂದು ತಿಂಗಳು ಗೆರೆಗಳು ಕದಲದಿದ್ದರೆ ಗಿಟಾರನ್ನು ಧೈರ್ಯವಾಗಿ ವೇದಿಕೆಗೆ ಕೊಂಡೊಯ್ಯಬಹುದು.